ಇಸಿಜಿ ಹಾಳೆಯ ಮೇಲಿನ ಆ ಒಂದು ಅಂಕಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದರೆ ಕೊಡಗಿನ ಆಸ್ಪತ್ರೆಗಳ ಮುಂದೆ ಜ್ವರ, ವಾಂತಿ, ಬೇಧಿಯವರ ಸಾಲು ಬೆಳೆಯುತ್ತದೆ. ಅವರಿಗೆ ಬರೆದುಕೊಡುವ ಆಂಟಿಬಯಾಟಿಕ್‌ಗಳಾದ ಅಜಿತ್ರೋಮೈಸಿನ್, ಲೆವೊಫ್ಲಾಕ್ಸಾಸಿನ್, ವಾಂತಿ ತಡೆಯುವ ಒಂಡಾನ್‌ಸೆಟ್ರಾನ್, ಡೊಂಪೆರಿಡೋನ್ ಎಲ್ಲವೂ ಬೇಕಾದ ಔಷಧಗಳೇ. ಆದರೆ ನಾಲ್ಕಕ್ಕೂ ಹೃದಯದ ಕ್ಯೂಟಿ ಅವಧಿಯನ್ನು, ಅಂದರೆ ಒಮ್ಮೆ ಬಡಿದು ಮತ್ತೆ ಸಜ್ಜಾಗಲು ಹಿಡಿಯುವ ಹೊತ್ತನ್ನು, ಉದ್ದ ಮಾಡುವ ಗುಣವಿದೆ. ಒಂದನ್ನೇ ಕೊಟ್ಟರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಎರಡು ಮೂರು ಒಟ್ಟಾಗಿ, ಬೇಧಿಯಿಂದ ಪೊಟ್ಯಾಸಿಯಂ ಇಳಿದು, ರೋಗಿ ವಯಸ್ಸಾದ ಹೆಂಗಸಾಗಿದ್ದು, ಕಾಲಿನ ಊತಕ್ಕೆ ಮೂತ್ರ ಹೆಚ್ಚಿಸಿ ಪೊಟ್ಯಾಸಿಯಂ ಕಳೆಯುವ ಫ್ಯೂರೋಸೆಮೈಡ್ ಮಾತ್ರೆಯನ್ನೂ ನುಂಗುತ್ತಿದ್ದರೆ ಲೆಕ್ಕವೇ ಬೇರೆ.

ಒಮ್ಮೆ ಬಡಿದ ಹೃದಯ ಮತ್ತೆ ಸಜ್ಜಾಗಬೇಕಾದರೆ ಜೀವಕೋಶದೊಳಗಿನ ಪೊಟ್ಯಾಸಿಯಂ ಹೊರಗೆ ಹರಿಯಬೇಕು. ಆ ದಾರಿಗಳಲ್ಲಿ ಒಂದಕ್ಕೆ ಈ ಔಷಧಗಳು ಅಡ್ಡ ಕೂರುತ್ತವೆ. ಸಜ್ಜಾಗುವುದು ತಡವಾದಾಗ ನಡುವೆ ಅಕಾಲದ ಬಡಿತವೊಂದು ಬಂದರೆ ಲಯ ತಪ್ಪಿ, ಇಸಿಜಿ ಗೆರೆ ಹೊಸೆದ ಹಗ್ಗದಂತೆ ತಿರುಚಿಕೊಳ್ಳುತ್ತದೆ. ರೋಗಿ ತಲೆ ಸುತ್ತಿ ಬೀಳುತ್ತಾರೆ. ಕೆಲವರು ಏಳುವುದೇ ಇಲ್ಲ. ಸಿಸಾಪ್ರೈಡ್ ಎಂಬ ಹೊಟ್ಟೆಯ ಮಾತ್ರೆಯನ್ನು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಿಸಿದ್ದು ಇಂಥ ಅಪಾಯಕ್ಕಾಗಿಯೇ.

ಇದನ್ನು ಮೊದಲೇ ಹಿಡಿಯುವ ಸಾಧನ ನಮ್ಮ ಕೈಯಲ್ಲೇ ಇದೆ. ಈಗಿನ ಇಸಿಜಿ ಯಂತ್ರಗಳು ಕ್ಯೂ ಅಲೆಯ ಶುರುವಿನಿಂದ ಟಿ ಅಲೆಯ ಕೊನೆಯವರೆಗೆ ತಾವೇ ಅಳೆದು, ಬಡಿತದ ವೇಗಕ್ಕೆ ಸರಿಹೊಂದಿಸಿ, ಕ್ಯೂಟಿಸಿ ಎಂಬ ಅಂಕಿಯನ್ನು ಹಾಳೆಯ ಮೇಲ್ಭಾಗದಲ್ಲಿ ಅಚ್ಚು ಮಾಡುತ್ತವೆ. ಹೃದಯಾಘಾತ ಇಲ್ಲವೆಂದು ಹಾಳೆ ಮಡಚಿಡುವಾಗ ಆ ಅಂಕಿ ಓದದೆ ಉಳಿಯುತ್ತದೆ. ಹಾಗೆಂದು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ.

ವೇಗಕ್ಕೆ ಸರಿಹೊಂದಿಸಲು ಬಹಳಷ್ಟು ಯಂತ್ರಗಳಲ್ಲಿ ಮೊದಲಿನಿಂದಲೂ ಕೂತಿರುವುದು 1920ರ ಬ್ಯಾಜೆಟ್ ಸೂತ್ರ. ಬಡಿತ ಜೋರಾದಾಗ ಅದು ಹೆಚ್ಚು ತೋರಿಸುತ್ತದೆ, ನಿಧಾನವಾದಾಗ ಕಡಿಮೆ. ಜ್ವರದಿಂದ ನಿಮಿಷಕ್ಕೆ 100 ಬಡಿತವಿರುವ ಗಂಡಸಿನ ಕ್ಯೂಟಿ 360 ಮಿಲಿಸೆಕೆಂಡ್ ಎನ್ನಿ: ಕ್ಯೂಟಿಸಿ ಬ್ಯಾಜೆಟ್ ಲೆಕ್ಕಕ್ಕೆ 465, ಫ್ರಿಡೆರಿಷಿಯಾ ಎಂಬ ಇನ್ನೊಂದು ಸೂತ್ರದ ಲೆಕ್ಕಕ್ಕೆ 427. ಗಂಡಸರಿಗೆ 450, ಹೆಂಗಸರಿಗೆ 460 ಮಿತಿ ಎಂದರೆ, ಒಂದೇ ಹಾಳೆ ಒಂದರಲ್ಲಿ ಅಪಾಯ, ಇನ್ನೊಂದರಲ್ಲಿ ನಿರಾಳ. ಬಿಪಿಗೆ ಬಡಿತ ನಿಧಾನಿಸುವ ಅಟೆನೊಲಾಲ್ ನುಂಗುವ, 50 ಬಡಿತದ ಹೆಂಗಸಿನ ಕ್ಯೂಟಿ 500 ಇದ್ದರೆ ಇದು ಉಲ್ಟಾ: ಬ್ಯಾಜೆಟ್ 456 ಎಂದು ಬಿಟ್ಟುಬಿಡುತ್ತದೆ, ಫ್ರಿಡೆರಿಷಿಯಾ 471 ಎಂದು ಹಿಡಿಯುತ್ತದೆ. ಹಲವು ಯಂತ್ರಗಳ ಸೆಟ್ಟಿಂಗ್‌ನಲ್ಲೇ ಸೂತ್ರ ಬದಲಿಸಬಹುದು, ಖರ್ಚಿಲ್ಲ.

ಇನ್ನು ನಮ್ಮ ಹವೆ. ತೋಟದಿಂದ ತೊಯ್ದು ಬಂದವರನ್ನು ಹಾಗೇ ಮಲಗಿಸಿ ಎದೆಗೆ ತಣ್ಣನೆಯ ಜೆಲ್ ಹಚ್ಚಿದರೆ ಮೈ ನಡುಗುತ್ತದೆ. ಆ ನಡುಕ ಗೆರೆಯುದ್ದಕ್ಕೂ ಗರಗಸದ ಹಲ್ಲಿನಂತೆ ಮೂಡಿ, ಟಿ ಅಲೆ ಎಲ್ಲಿ ಮುಗಿಯಿತು ಎಂಬುದನ್ನೇ ನುಂಗಿಬಿಡುತ್ತದೆ. ಯಂತ್ರ ಆಗಲೂ ಒಂದು ಅಂಕಿ ಕೊಟ್ಟೇ ಕೊಡುತ್ತದೆ! ಮೈ ಒರೆಸಿ, ಕಂಬಳಿ ಹೊದಿಸಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಅರ್ತಿಂಗ್ ಸರಿಯಿಲ್ಲದೆ ಕರೆಂಟಿನ 50 ಹರ್ಟ್ಸ್ ಅಲೆ ಗೆರೆಗೆ ಸೇರಿಕೊಂಡರೆ ಪ್ಲಗ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ.

ಎಲ್ಲಕ್ಕಿಂತ ಮೋಸ ಮಾಡುವುದು ಪೊಟ್ಯಾಸಿಯಂ ಇಳಿದವರ ಇಸಿಜಿ. ಟಿ ಅಲೆ ಚಪ್ಪಟೆಯಾಗಿ, ಅದರ ಬೆನ್ನಿಗೇ ಯು ಎಂಬ ಇನ್ನೊಂದು ಅಲೆ ಏಳುತ್ತದೆ. ಯಂತ್ರ ಒಮ್ಮೆ ಯುವನ್ನೂ ಸೇರಿಸಿ ಅಳೆಯುತ್ತದೆ, ಒಮ್ಮೆ ಟಿ ಮುಗಿಯುವ ಮೊದಲೇ ನಿಲ್ಲಿಸುತ್ತದೆ. ಅಂಥಲ್ಲಿ ಕೈಯಿಂದಲೇ ಅಳೆಯಬೇಕು. ಹಾಳೆಯಲ್ಲಿ ಎರಡನೇ ಲೀಡ್ ಅಥವಾ ವಿ5 ಎಂದು ಗುರುತಿಸಿದ ಗೆರೆಯಲ್ಲಿ ಟಿ ಅಲೆಯ ಇಳಿಜಾರು ಅತಿ ಕಡಿದಾಗಿರುವ ಕಡೆ ಸ್ಕೇಲ್ ಇಟ್ಟು ಗೆರೆ ಎಳೆದರೆ, ಅದು ತಳಗೆರೆಯನ್ನು ಮುಟ್ಟುವ ಜಾಗವೇ ಟಿಯ ಕೊನೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುವಾಗ ಒಂದು ಸಣ್ಣ ಚೌಕಕ್ಕೆ 40 ಮಿಲಿಸೆಕೆಂಡ್. ಮೂರು ಬಡಿತ ಅಳೆದು ಸರಾಸರಿ ತೆಗೆದರೆ ಸಾಕು.

ಆರೋಗ್ಯ ಇಲಾಖೆಯಲ್ಲಿ ನಮ್ಮ ಬೇಡಿಕೆ ಇಷ್ಟು: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರದ ಯಂತ್ರಗಳನ್ನು ಒಂದೇ ಸೂತ್ರಕ್ಕೆ ತರಲಿ. ವಾಂತಿಬೇಧಿಯಾದ ವೃದ್ಧರಿಗೆ ಇಂಥ ಎರಡನೇ ಔಷಧ ಸೇರಿಸುವ ಮೊದಲು ಇಸಿಜಿ, ಪೊಟ್ಯಾಸಿಯಂ ಎರಡನ್ನೂ ನೋಡಲಿ. ಕ್ಯೂಟಿಸಿ 500 ದಾಟಿದರೆ, ಅಥವಾ ಹಿಂದಿನದಕ್ಕಿಂತ 60 ಏರಿದರೆ, ಔಷಧ ಬದಲಿಸುವ ತೀರ್ಮಾನ ಅಲ್ಲೇ ಆಗಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕಳಿಸುವಾಗ ಆಂಬುಲೆನ್ಸ್‌ನಲ್ಲಿ, ಹೀಗೆ ಲಯ ತಪ್ಪಿದಾಗ ಕೊಡುವ 2 ಗ್ರಾಂ ಮ್ಯಾಗ್ನೀಸಿಯಂ ಸಲ್ಫೇಟ್ ಇರಲೇಬೇಕು.

ಓದುಗರಿಗೂ ಎರಡು ಮಾತು. ಗ್ಯಾಸ್‌ಗೆಂದು ಅಂಗಡಿಯಿಂದ ತರುವ ಹಲವು ಕ್ಯಾಪ್ಸೂಲ್‌ಗಳಲ್ಲಿ 30 ಮಿಲಿಗ್ರಾಂ ಡೊಂಪೆರಿಡೋನ್ ಇದೆ. ಯೂರೋಪಿನ ಔಷಧ ಸಂಸ್ಥೆ 2014ರಲ್ಲಿ ದಿನದ ಮಿತಿಯನ್ನೇ ಅಷ್ಟಕ್ಕೆ ಇಳಿಸಿತು, ಅದೂ ಸಾಮಾನ್ಯವಾಗಿ ಒಂದು ವಾರ ಮೀರದಂತೆ. ಇಲ್ಲಿ ತಿಂಗಳುಗಟ್ಟಲೆ ನುಂಗುವವರಿದ್ದಾರೆ, ಯಾವ ಔಷಧ ತಗೊಳ್ಳುತ್ತೀರಿ ಎಂದು ಕೇಳಿದರೆ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ದಯವಿಟ್ಟು ಹೇಳಿ. ವೈದ್ಯರು ಬರೆದ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಲೂಬೇಡಿ. ಇಸಿಜಿಯದು ಶಾಖಕ್ಕೆ ಮೂಡುವ ಕಾಗದ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಮಾಸಿಹೋಗುತ್ತದೆ. ಜೆರಾಕ್ಸ್ ಮಾಡಿಸಿ ಅಥವಾ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಅಂಕಿ 60 ಏರಿತೇ ಎಂದು ತಿಳಿಯಲು ವೈದ್ಯರಿಗೆ ಆ ಹಳೆಯ ಹಾಳೆಯೇ ಬೇಕು.

ಇಸಿಜಿ ತಂತ್ರಜ್ಞರು ಮತ್ತು ಫಾರ್ಮಸಿಸ್ಟರು,
ಮಡಿಕೇರಿ