‘ವಿಶ್ವದ ನಂ. 1’ ಎಂದರೆ ಯಾವ ಪಟ್ಟಿಯಲ್ಲಿ?

ಮಾನ್ಯ ಸಂಪಾದಕರೇ,

ಕೊರಿಯನ್ ಸರಣಿಯೊಂದು ‘ವಿಶ್ವದಲ್ಲೇ ನಂಬರ್ ಒನ್’ ಆಯಿತೆಂಬ ಸುದ್ದಿ ಮನರಂಜನೆಯ ಪುಟಗಳಲ್ಲಿ ಆಗಾಗ ಕಾಣಿಸುತ್ತದೆ. ಸುದ್ದಿ ಸುಳ್ಳೇನಲ್ಲ. ಆದರೆ ಯಾವ ಪಟ್ಟಿ, ಯಾವ ವಾರ, ಯಾವ ಅಳತೆ ಎಂಬ ಮೂರು ವಿವರ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವಿಲ್ಲದೆ ಆ ‘ನಂ. 1’ ಓದಿ ಪ್ರಯೋಜನವಿಲ್ಲ.

ಇಂಥ ಸುದ್ದಿಗಳ ಮೂಲ ಹೆಚ್ಚಾಗಿ ಎರಡೇ. ಒಂದು, ನೆಟ್‌ಫ್ಲಿಕ್ಸ್ 2021ರ ನವೆಂಬರ್‌ನಿಂದ ಪ್ರತಿ ಮಂಗಳವಾರ ತಾನೇ ಪ್ರಕಟಿಸುವ ಟಾಪ್ 10. ಹಿಂದಿನ ಸೋಮವಾರದಿಂದ ಭಾನುವಾರದವರೆಗಿನ ಲೆಕ್ಕ ಅದರಲ್ಲಿರುತ್ತದೆ. ಜಾಗತಿಕ ಪಟ್ಟಿ ನಾಲ್ಕು: ಇಂಗ್ಲಿಷ್ ಚಿತ್ರ, ಇಂಗ್ಲಿಷ್ ಸರಣಿ, ಇಂಗ್ಲಿಷೇತರ ಚಿತ್ರ, ಇಂಗ್ಲಿಷೇತರ ಸರಣಿ. ಕೊರಿಯನ್ ಸರಣಿ ಮೊದಲ ಸ್ಥಾನ ಪಡೆಯುವುದು ಈ ಕೊನೆಯದರಲ್ಲಿ. ಅಲ್ಲಿ ಒಂದನೆಯದಾದರೆ ಇಂಗ್ಲಿಷ್ ಸರಣಿಗಳನ್ನೂ ಹಿಂದಿಕ್ಕಿತು ಎಂದಾಗದು. ಎರಡೂ ಪಟ್ಟಿಯ ವೀಕ್ಷಣೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಇನ್ನೊಂದು ಮೂಲ ಫ್ಲಿಕ್ಸ್‌ಪಟ್ರೋಲ್ ಎಂಬ ಹೊರಗಿನ ಜಾಲತಾಣ. ಪ್ರತಿ ದೇಶದ ದಿನದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ 10 ಅಂಕ, ಎರಡನೆಯದಕ್ಕೆ 9, ಹೀಗೆ ಹತ್ತನೆಯದಕ್ಕೆ 1 ಅಂಕ ಕೊಟ್ಟು ಎಲ್ಲವನ್ನೂ ಅದು ಕೂಡುತ್ತದೆ. ಲಕ್ಷಗಟ್ಟಲೆ ಚಂದಾದಾರರಿರುವ ದೇಶಕ್ಕೂ ಕೆಲವೇ ಸಾವಿರ ಮಂದಿಯಿರುವ ದೇಶಕ್ಕೂ ಅಲ್ಲಿ ಒಂದೇ ತೂಕ. ಎಷ್ಟು ಜನ ನೋಡಿದರು ಎಂಬ ಪ್ರಶ್ನೆಗೆ ಅದು ಉತ್ತರವೇ ಅಲ್ಲ.

ಅಳತೆ ಬದಲಾದರೆ ಅಂಕಿ ಹೇಗೆ ಕುಣಿಯುತ್ತದೆ ಎಂಬುದಕ್ಕೆ ‘ಸ್ಕ್ವಿಡ್ ಗೇಮ್’ ಮೊದಲ ಸೀಸನ್ನೇ ಸಾಕು. 2021ರ ಸೆಪ್ಟೆಂಬರ್ 17ರಂದು ಬಂದ ಅದರ ಮೊದಲ ನಾಲ್ಕು ವಾರಗಳಿಗೆ ನೆಟ್‌ಫ್ಲಿಕ್ಸ್ ಕೊಟ್ಟ ಅಂಕಿ 14.2 ಕೋಟಿ ಮನೆಗಳು. ಕನಿಷ್ಠ ಎರಡು ನಿಮಿಷ ನೋಡಿದ ಮನೆಯೂ ಆ ಲೆಕ್ಕಕ್ಕೆ ಸೇರುತ್ತಿತ್ತು. ಅದೇ 28 ದಿನಗಳನ್ನು ಗಂಟೆಗಳಲ್ಲಿ ಅಳೆದಾಗ ಬಂದದ್ದು 165 ಕೋಟಿ ಗಂಟೆ. ನೆಟ್‌ಫ್ಲಿಕ್ಸ್‌ನ ಈಗಿನ ಸಾರ್ವಕಾಲಿಕ ಪಟ್ಟಿಯಲ್ಲಿ ಕಾಣುವುದು 26.52 ಕೋಟಿ ವೀಕ್ಷಣೆ, ಅಂದರೆ ನೋಡಿದ ಒಟ್ಟು ಗಂಟೆಯನ್ನು ಸರಣಿಯ ಅವಧಿಯಿಂದ ಭಾಗಿಸಿದಾಗ ಬರುವ ಅಂಕಿ. ಇದು ಮೊದಲ 91 ದಿನಗಳದ್ದು. ಸ್ವಾರಸ್ಯ ಇಲ್ಲಿದೆ: 165 ಕೋಟಿ ಗಂಟೆಯನ್ನು ಸರಣಿಯ ಒಟ್ಟು ಅವಧಿಯಾದ 8 ಗಂಟೆ 19 ನಿಮಿಷದಿಂದ ಭಾಗಿಸಿದರೆ ಸುಮಾರು 19.8 ಕೋಟಿ ವೀಕ್ಷಣೆ ಬರುತ್ತದೆ. ಎರಡು ನಿಮಿಷದ ಸಡಿಲ ಲೆಕ್ಕದ ಮನೆಗಳಿಗಿಂತ ಇದೇ ಹೆಚ್ಚು! ಒಂದೇ ಮನೆಯಲ್ಲಿ ಇಬ್ಬರು ಬೇರೆ ಬೇರೆಯಾಗಿ ನೋಡಿದರೂ, ಒಬ್ಬರೇ ಮತ್ತೊಮ್ಮೆ ನೋಡಿದರೂ ಗಂಟೆ ಏರುತ್ತದೆ, ಮನೆ ಒಂದೇ ಇರುತ್ತದೆ. ಹೀಗಾಗಿ ‘ಇಷ್ಟು ಕೋಟಿ ವೀಕ್ಷಣೆ’ ಎಂಬುದನ್ನು ‘ಇಷ್ಟು ಕೋಟಿ ಜನ ನೋಡಿದರು’ ಎಂದು ಬರೆಯುವಂತಿಲ್ಲ.

ಗಂಟೆಯನ್ನು ಅವಧಿಯಿಂದ ಭಾಗಿಸುವ ಈ ಕ್ರಮ ಶುರುವಾದದ್ದು 2023ರ ಜೂನ್‌ನಲ್ಲಿ. ಅಲ್ಲಿಯವರೆಗೆ ಸ್ಥಾನ ನಿರ್ಧಾರವಾಗುತ್ತಿದ್ದುದು ನೋಡಿದ ಗಂಟೆಗಳಿಂದ. ಗಂಟೆಗೂ ಮೀರಿದ 16 ಕಂತುಗಳ ಕೊರಿಯನ್ ಸರಣಿಗೆ ಆಗ ಅನುಕೂಲವಿತ್ತು. ಈಗ ಅದು ತಿರುಗುಮುರುಗಾಗಿದೆ. 18 ಗಂಟೆಯ ಸರಣಿಯನ್ನು ಒಂದು ವಾರದಲ್ಲಿ 5.4 ಕೋಟಿ ಗಂಟೆ ನೋಡಿದರು ಎಂದಿಟ್ಟುಕೊಳ್ಳಿ. ಸಿಗುವುದು 30 ಲಕ್ಷ ವೀಕ್ಷಣೆ. ಆರು ಗಂಟೆಯ ಸರಣಿಗೆ ಅಷ್ಟೇ ಗಂಟೆ ಬಿದ್ದರೆ 90 ಲಕ್ಷ.

ವಾರಕ್ಕೆರಡು ಕಂತಿನಂತೆ ಟಿವಿಯಲ್ಲಿ ಪ್ರಸಾರವಾಗುತ್ತಲೇ ನೆಟ್‌ಫ್ಲಿಕ್ಸ್‌ಗೂ ಬರುವ ಸರಣಿಗಳಿಗಂತೂ ಏಟು ಇನ್ನೂ ಜೋರು. ಐದನೆಯ ವಾರದ ಹೊತ್ತಿಗೆ ಹತ್ತು ಕಂತು ಬಂದಿರುತ್ತವೆ, ಭಾಗಿಸುವ ಅವಧಿಯೂ ಆ ಹತ್ತು ಕಂತಿನದು. ಬಿಡದೆ ನೋಡುತ್ತಿರುವ ನಿಷ್ಠಾವಂತ ಪ್ರೇಕ್ಷಕ ಆ ವಾರ ನೋಡುವುದು ಎರಡೇ ಕಂತು, ಅಂದರೆ ಲೆಕ್ಕದಲ್ಲಿ ಒಂದು ವೀಕ್ಷಣೆಯ ಐದನೇ ಒಂದು ಭಾಗ. ಎಂಟನೆಯ ವಾರಕ್ಕೆ ಅದು ಎಂಟನೇ ಒಂದು ಭಾಗ. ಕತೆ ಬಿಸಿಯೇರಿದಂತೆಲ್ಲ ಅದೇ ಪ್ರೇಕ್ಷಕನ ತೂಕ ಇಳಿಯುತ್ತ ಹೋಗುತ್ತದೆ.

ಮೊದಲ 91 ದಿನಗಳ ವೀಕ್ಷಣೆಯನ್ನಷ್ಟೇ ಎಣಿಸುವ ಸಾರ್ವಕಾಲಿಕ ಪಟ್ಟಿಯಲ್ಲೂ ಇಂಥದ್ದೇ ತೊಡಕು. ‘ಕ್ವೀನ್ ಆಫ್ ಟಿಯರ್ಸ್’ 2024ರ ಮಾರ್ಚ್ 9ಕ್ಕೆ ಶುರುವಾಗಿ ಏಪ್ರಿಲ್ 28ಕ್ಕೆ ಮುಗಿಯಿತು. ಕೊನೆಯ ಕಂತು ಬಂದದ್ದು 51ನೆಯ ದಿನ. ‘ಪೂರ್ತಿ ಮುಗಿಯಲಿ, ಒಟ್ಟಿಗೇ ನೋಡೋಣ’ ಎಂದು ಕಾದವರಿಗೆ 91ರಲ್ಲಿ ಉಳಿದದ್ದು 40 ದಿನ. ಒಂದೇ ದಿನ ಎಲ್ಲ ಕಂತು ಬಿಡುವ ಸರಣಿಗೆ 91 ದಿನವೂ ಪೂರ್ತಿ ಸಿಗುತ್ತದೆ. ಕೊರಿಯಾದಲ್ಲಿ ಈ ಸರಣಿಯ ಅಂತಿಮ ಕಂತು ಟಿವಿ ರೇಟಿಂಗ್‌ನಲ್ಲಿ 24.8 ಶೇಕಡಾ ದಾಟಿ ಟಿವಿಎನ್ ವಾಹಿನಿಯ ದಾಖಲೆ ಮುರಿದದ್ದನ್ನು ಈ ಪಟ್ಟಿಯಿಂದ ಊಹಿಸಲೂ ಆಗದು.

ಇನ್ನು ‘ಎರಡನೇ ವಾರ ದುಪ್ಪಟ್ಟು ಜನಪ್ರಿಯತೆ’ ಎಂಬ ತಲೆಬರಹ. ‘ಆಲ್ ಆಫ್ ಅಸ್ ಆರ್ ಡೆಡ್’ 2022ರ ಜನವರಿ 28ರ ಶುಕ್ರವಾರ ಬಂತು. ಮೊದಲ ಪಟ್ಟಿಯಲ್ಲಿ ಸುಮಾರು 12.5 ಕೋಟಿ ಗಂಟೆ, ಮುಂದಿನದರಲ್ಲಿ ಸುಮಾರು 23.6 ಕೋಟಿ. ಮೊದಲನೆಯದು ಮೂರೇ ದಿನದ್ದು, ಎರಡನೆಯದು ಏಳು ದಿನದ್ದು. ದಿನದ ಸರಾಸರಿ ತೆಗೆದರೆ ಇಳಿದೇ ಇದೆ.

ದೇಶವಾರು ಪಟ್ಟಿಗಳಲ್ಲಿ ಸ್ಥಾನ ಮಾತ್ರ ಇರುತ್ತದೆ, ಗಂಟೆ ಇರುವುದಿಲ್ಲ. ‘ಸ್ಕ್ವಿಡ್ ಗೇಮ್’ ಮೂರನೇ ಸೀಸನ್ 2025ರ ಜೂನ್‌ನಲ್ಲಿ ಪಟ್ಟಿಯಿರುವ 93 ದೇಶಗಳಲ್ಲೂ ಮೊದಲಾಯಿತು, ಮೂರು ದಿನದಲ್ಲಿ 6.01 ಕೋಟಿ ವೀಕ್ಷಣೆ ಪಡೆಯಿತು. ಅಂಥದ್ದಕ್ಕೆ ‘ವಿಶ್ವದ ನಂ. 1’ ಎಂದರೆ ಯಾರ ತಕರಾರೂ ಇರಲಾರದು. ಉಳಿದವಕ್ಕೆ ‘ನೆಟ್‌ಫ್ಲಿಕ್ಸ್ ಇಂಗ್ಲಿಷೇತರ ಸರಣಿ ಪಟ್ಟಿ, ಇಂಥ ದಿನಾಂಕದಿಂದ ಇಂಥ ದಿನಾಂಕ, ಇಷ್ಟು ವೀಕ್ಷಣೆ, ಇಷ್ಟು ಗಂಟೆ’ ಎಂದು ಒಂದು ಸಾಲು ಸೇರಿಸಿದರೆ ಸಾಕು. ಅಂಕಿಗಳನ್ನು ಹತ್ತಿರದ ಲಕ್ಷಕ್ಕೆ ದುಂಡಾಗಿಸಿಯೇ ಕೊಟ್ಟಿರುತ್ತಾರಾದ್ದರಿಂದ ಎರಡು ಸರಣಿಗಳ ನಡುವಿನ ಒಂದು ಲಕ್ಷದ ಅಂತರವನ್ನು ಗೆಲುವು-ಸೋಲು ಎನ್ನಬೇಡಿ. ಎಲ್ಲ ವಾರಗಳ ಕಡತ ಆ ಪಟ್ಟಿಯ ಪುಟದಲ್ಲೇ ಇಳಿಸಿಕೊಳ್ಳಲು ಸಿಗುತ್ತದೆ. ಹಳೆಯದನ್ನೂ ಹೊಸದನ್ನೂ ಹೋಲಿಸುವಾಗ 2023ರ ಜೂನ್‌ಗೆ ಹಿಂದಿನ ವಾರಗಳನ್ನು ಗಂಟೆಯ ಅಂಕಣದಿಂದಷ್ಟೇ ಹೋಲಿಸಬೇಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ