ಟ್ರೋಮ್ಸೋದಿಂದ, ಕ್ರಿಲ್ ವಿಷಯವಾಗಿ

ಪ್ರಿಯ ಗೆಳೆಯ,

ಚಳಿಗಾಲದಲ್ಲಿ ಸೂರ್ಯನೇ ಹುಟ್ಟದ ಈ ಉತ್ತರ ನಾರ್ವೆಯ ಊರಿನ ಸಮುದ್ರದಲ್ಲಿ ಜೀವಿಗಳು ಏನು ತಿಂದು ಬದುಕುತ್ತವೆ ಎಂದು ನೀನು ಕೇಳಿ ಮೂರು ತಿಂಗಳಾಯಿತು. ತಡವಾಯಿತು, ಬಯ್ಯಬೇಡ. ನವೆಂಬರ್ ಕೊನೆಗೆ ಮರೆಯಾದ ಸೂರ್ಯ ಜನವರಿ ಮಧ್ಯದವರೆಗೂ ಮುಖ ತೋರಿಸಲಿಲ್ಲ. ಕತ್ತಲಲ್ಲಿ ಪತ್ರ ಬರೆಯುವ ಉಮೇದೂ ಇರಲಿಲ್ಲ.

ಕಳೆದ ವಾರ ಸಮುದ್ರಜೀವಿಗಳನ್ನು ಅಭ್ಯಸಿಸುವ ಗೆಳತಿಯೊಬ್ಬಳ ಜೊತೆ ಬಾಲ್ಸ್‌ಫಿಯೋರ್ಡ್‌ಗೆ ಹೋಗಿದ್ದೆ. ಹಿಮನದಿ ಕೊರೆದ ಕಣಿವೆಗೆ ಕಡಲು ನುಗ್ಗಿ ಆದ ಜಾಗ ಅದು. ಬಲೆಯಲ್ಲಿ ಬಂದದ್ದು ಕ್ರಿಲ್. ಪದ ನಾರ್ವೆಯವರದೇ, ಮೊದಲು ಮೀನಿನ ಮರಿಗಳಿಗೆ ಹೇಳುತ್ತಿದ್ದರಂತೆ. ನಿನ್ನ ಕಣ್ಣಿಗೆ ಸಣ್ಣ ಸಿಗಡಿಯಂತೆಯೇ ಕಾಣುತ್ತಿತ್ತು: ಗಾಜಿನಂಥ ಮೈ, ಕರಿಮಣಿಯಂಥ ಕಣ್ಣು, ಅಲ್ಲಲ್ಲಿ ಕುಂಕುಮ ಸಿಡಿದಂತೆ ಕೆಂಪು ಚುಕ್ಕೆ. ಮೈ ಪಾರದರ್ಶಕವಾದ್ದರಿಂದ ಹೊಟ್ಟೆಯೂ ಕಾಣುತ್ತದೆ. ಅದು ಬಣ್ಣವಿಲ್ಲದೆ ಬರಿದಾಗಿತ್ತು.

ಬೆಳಕಿಲ್ಲದಿದ್ದರೆ ನೀರಿನಲ್ಲಿ ಇದರ ಊಟವಾದ ಪಾಚಿ ಬೆಳೆಯುವುದಿಲ್ಲ. ಇಲ್ಲಿ ಹೆಚ್ಚಾಗಿ ಸಿಗುವ ಥೈಸಾನೊಯೆಸ್ಸಾ ಇನರ್ಮಿಸ್ ಎಂಬ ಜಾತಿ ಬೇಸಿಗೆಯಲ್ಲಿ ತಿಂದದ್ದನ್ನು ಮೇಣದಂಥ ಕೊಬ್ಬಾಗಿ ಮೈಯಲ್ಲೇ ಕೂಡಿಡುತ್ತದೆ. ಚಳಿಗಾಲ ಶುರುವಾಗುವ ಹೊತ್ತಿಗೆ ಒಣತೂಕದ ಅರ್ಧದಷ್ಟು ಕೊಬ್ಬೇ ಇರಬಹುದು. ಮಳೆಗಾಲಕ್ಕೆಂದು ನಿನ್ನ ಅಜ್ಜಿ ಅಟ್ಟದಲ್ಲಿ ಒಣಮೀನು ಕೂಡಿಡುತ್ತಿದ್ದರಲ್ಲ, ಹಾಗೆ. ಇದಕ್ಕೆ ಅಟ್ಟವೂ ತಾನೇ. ಚಳಿಗಾಲ ಬೆಳವಣಿಗೆ ನಿಂತಿರುತ್ತದೆ, ಆದರೂ ಹೆಣ್ಣು ಆ ಉಳಿತಾಯವನ್ನೆಲ್ಲ ಹೊಟ್ಟೆಪಾಡಿಗೆ ಮುಗಿಸುವುದಿಲ್ಲ. ಅದರಲ್ಲೇ ಒಂದು ಪಾಲು ಅಂಡಾಶಯ ಬಲಿಯುವುದಕ್ಕೆ ಹೋಗುತ್ತದೆ.

ಏಪ್ರಿಲ್‌ನಲ್ಲಿ ಪಾಚಿ ಒಮ್ಮೆಲೇ ಉಕ್ಕುತ್ತದೆ. ಮೊಟ್ಟೆ ಇಡುವುದೂ ಆಗಲೇ. ನಮ್ಮ ಏಡಿಯಂತೆ ಹೊಟ್ಟೆಗೆ ಅಂಟಿಸಿಕೊಂಡು ತಿರುಗುವ ಅಭ್ಯಾಸ ಇದಕ್ಕಿಲ್ಲ, ನೂರಾರು ಮೊಟ್ಟೆಗಳನ್ನು ನೀರಿಗೇ ಬಿಟ್ಟುಬಿಡುತ್ತದೆ. ಅವು ಮುಳುಗುತ್ತಾ ಹೋಗುತ್ತವೆ. ಒಡೆದು ಬಂದ ಮರಿ ಮೊದಲು ಏನನ್ನೂ ತಿನ್ನಲಾರದು. ತಾಯಿ ಕೊಟ್ಟ ಭಂಡಾರವನ್ನೇ ಖರ್ಚು ಮಾಡುತ್ತಾ, ಪೊರೆ ಕಳಚುತ್ತಾ ಮೇಲೇರಬೇಕು. ಬಾಯಿ ಬರುವ ಹೊತ್ತಿಗೆ ಮೇಲೆ ಊಟ ಸಿದ್ಧವಿರಬೇಕು. ಇಷ್ಟು ಕರಾರುವಾಕ್ಕಾದ ಲೆಕ್ಕ ನನ್ನ ಕೈಲಂತೂ ಆಗದು.

ಇದೇ ನೀರಿನಲ್ಲಿ ಇನ್ನೂ ದೊಡ್ಡದಾದ ಮೆಗಾನಿಕ್ಟಿಫೇನೀಸ್ ನಾರ್ವೆಜಿಕಾ ಎಂಬ ಕ್ರಿಲ್ ಜಾತಿ ಕೂಡ ಇದೆ. ಅದು ಸಣ್ಣಪುಟ್ಟ ಪ್ರಾಣಿಗಳನ್ನು ಹಿಡಿದು ತಿನ್ನುವುದರಿಂದ ಪಾಚಿಗಾಗಿ ಇಷ್ಟು ಕಾಯಬೇಕಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆಯೇ ಸಂಗತಿ. ಗೆಳತಿ ಒಂದು ಕ್ರಿಲ್ಲನ್ನು ಜಾಡಿಯಲ್ಲಿ ಬಿಟ್ಟಿದ್ದಳು. ಬೆಳಗ್ಗೆ ನೋಡಿದರೆ ಎರಡು! ಒಂದು ಪೊರೆ, ಕಣ್ಣಿನ ಹೊದಿಕೆ ಸಮೇತ ಇಡೀ ಆಕಾರ ಹಾಗೇ ಇತ್ತು. ಅವಳು ಪೊರೆಯ ಬಾಲದ ಎಸಳನ್ನೂ ಜೀವಂತ ಕ್ರಿಲ್‌ನ ಬಾಲದ ಎಸಳನ್ನೂ ಸೂಕ್ಷ್ಮದರ್ಶಕದಡಿ ಅಳೆದಳು. ಹೊಸದು ಹಳೆಯದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಊಟ ಸಾಲದಿದ್ದಾಗ ಪೊರೆ ಕಳಚುತ್ತಲೇ ಮೈ ಕುಗ್ಗಿಸಿಕೊಳ್ಳುತ್ತದಂತೆ. ಹಾಗಾಗಿ ಉದ್ದ ನೋಡಿ ಕ್ರಿಲ್‌ನ ವಯಸ್ಸು ಹೇಳಹೊರಟವರು ಮೋಸಹೋಗುತ್ತಾರೆ.

ಏಪ್ರಿಲ್ ಕೊನೆಗೆ ಮತ್ತೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾಳೆ. ಆಗ ಹೊಟ್ಟೆ ಹಸಿರಾಗಿರುತ್ತದಂತೆ. ನೋಡಿ ಬರೆಯುತ್ತೇನೆ.

ನಿನ್ನವ