ಕೂಲರ್ ನೀರು ಪಾಮ್ ಗಿಡಕ್ಕೆ ಬೇಡ

ಸಂಪಾದಕರಿಗೆ ನಮಸ್ಕಾರ.

ಬೇಸಿಗೆಯಲ್ಲಿ ಕಲಬುರಗಿಯ ಮನೆ, ಅಂಗಡಿ, ಕಚೇರಿ ಎಲ್ಲಿ ನೋಡಿದರೂ ಕೂಲರ್. ನಲ್ಲಿ ನೀರಿಗೆ ಕಾದು ಕೂರುವ ಊರು ನಮ್ಮದು. ಕೂಲರ್ ಟ್ಯಾಂಕಿನ ತಳದಲ್ಲಿ ಉಳಿದ ನೀರು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಅದನ್ನು ಮೂಲೆಯ ಪಾಮ್ ಕುಂಡಕ್ಕೆ ಹಾಕುತ್ತೇವೆ. ದಯವಿಟ್ಟು ಹಾಕಬೇಡಿ ಎಂದು ಹೇಳಲು ಈ ಪತ್ರ.

ನಾನು ಇಲ್ಲಿನ ಒಂದು ಕಚೇರಿಯಲ್ಲಿ 22 ವರ್ಷ ಅಟೆಂಡರ್ ಆಗಿದ್ದೆ. ವರಾಂಡದಲ್ಲಿ ಆರು ಅರೆಕಾ ಪಾಮ್ ಇದ್ದವು. ನೀರು ಹಾಕುವುದು ನನ್ನ ಕೆಲಸ. ಒಂದು ಬೇಸಿಗೆಯಲ್ಲಿ ಎಲೆಗಳ ತುದಿ ಕಂದಾಗಿ ಸುಡತೊಡಗಿತು. ನೀರು ಸಾಲುತ್ತಿಲ್ಲ ಅಂದುಕೊಂಡು ದಿನಾ ಎರಡು ಮಗ್ ಕೂಲರ್ ನೀರು ಜಾಸ್ತಿ ಹಾಕಿದೆ. ಮೇ ತಿಂಗಳಲ್ಲಿ ಎರಡು ಗಿಡ ಸತ್ತವು.

ಒಂದನ್ನು ಕಿತ್ತು ನೋಡಿದೆ. ಬೇರು ಕಪ್ಪಗಾಗಿ ಚರಂಡಿ ವಾಸನೆ ಹೊಡೆಯುತ್ತಿತ್ತು. ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ, ಬರೀ ದಾರದಂಥ ನಾರು ಕೈಗೆ ಬಂತು. ಕುಂಡದ ಅಂಚಿನಲ್ಲಿ ಸುಣ್ಣದಂಥ ಬಿಳಿ ಪದರ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ಕೂಲರ್ ಹುಲ್ಲಿನ ಮೇಲೂ ಅದೇ ಬಿಳಿ ಕಟ್ಟಿತ್ತು. ಆಗ ಗೊತ್ತಾಯಿತು: ಎಲೆ ತುದಿ ಸುಟ್ಟಿದ್ದು ಉಪ್ಪಿಗೆ, ಬೇರು ಕೊಳೆತದ್ದು ನಾನು ಹಾಕಿದ ಜಾಸ್ತಿ ನೀರಿಗೆ.

ನಮ್ಮ ಬೋರ್ ನೀರೇ ಗಡಸು. ಕೂಲರ್‌ನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಮೇಲೆ ಮೇಲೆ ನೀರು ತುಂಬಿದಷ್ಟೂ ಟ್ಯಾಂಕಿನಲ್ಲಿ ಉಪ್ಪು ಗಟ್ಟಿಯಾಗುತ್ತದೆ. ಸವಳು ಹತ್ತಿದ ಹೊಲದಲ್ಲಿ ಪೈರು ಸುಡುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಕುಂಡದಲ್ಲೂ ಅದೇ ಆಗುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರೂ ಹಾಗೇ. ಇವೆರಡೂ ಬಚ್ಚಲು ತೊಳೆಯಲು, ನೆಲ ಒರೆಸಲು ಸಾಕು.

ಉಳಿದ ನಾಲ್ಕನ್ನು ಮಿರಗದ ಮಳೆ ಬಂದ ರಾತ್ರಿ ಅಂಗಳಕ್ಕೆ ಎಳೆದು ಇಟ್ಟೆ. ಬೆಳಗ್ಗೆ ಬಿಸಿಲು ಏರುವ ಮುಂಚೆ ಒಳಗೆ ತಂದೆ. ನೆರಳಿನ ಗಿಡ, ನೇರ ಬಿಸಿಲಿಗೆ ಸುಟ್ಟುಹೋಗುತ್ತದೆ. ಮೂರು ಮಳೆಗೆ ಮಣ್ಣಿನ ಉಪ್ಪು ತೊಳೆದು ಕೆಳಗೆ ಇಳಿಯಿತು. ಸುಟ್ಟ ತುದಿ ಮತ್ತೆ ಹಸಿರಾಗಲಿಲ್ಲ. ಆದರೆ ಶ್ರಾವಣದಲ್ಲಿ ನಡುವಿನಿಂದ ಈಟಿಯಂಥ ಹೊಸ ಸುಳಿ ಎದ್ದಿತು. ಅದು ಬಿಚ್ಚಿಕೊಂಡ ದಿನ ಆಫೀಸಿನವರನ್ನೆಲ್ಲ ಕರೆದು ತೋರಿಸಿದೆ.

ಆಮೇಲೆ ದಿನಾ ಸುಮ್ನೆ ಒಂದು ಮಗ್ ಸುರಿಯುವುದನ್ನು ಬಿಟ್ಟೆ. ಎರಡು ಗೆಣ್ಣಿನವರೆಗೆ ಬೆರಳು ಇಳಿಸಿ ನೋಡುತ್ತಿದ್ದೆ. ಮಣ್ಣು ಹಸಿ ಇದ್ದರೆ ನೀರಿಲ್ಲ. ಒಣಗಿದ್ದರೆ ತಳದ ತೂತಿನಿಂದ ನೀರು ಹರಿಯುವ ತನಕ ನಿಧಾನಕ್ಕೆ ಹಾಕುತ್ತಿದ್ದೆ. ಹಾಗೆ ಹರಿದರೆ ಉಪ್ಪೂ ಜೊತೆಗೆ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಕೆಳಗಿನ ತಟ್ಟೆಯ ನೀರು ಚೆಲ್ಲಬೇಕು. ಅದರಲ್ಲೇ ನಿಂತರೆ ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ, ಚಳಿಗಾಲದಲ್ಲಿ ವಾರ ದಾಟಿದರೂ ನನ್ನ ಗಿಡಗಳು ನೀರು ಕೇಳುತ್ತಿರಲಿಲ್ಲ.

ಮಳೆ ನೀರು ಸಿಗದಿದ್ದರೆ ಎಸಿಯ ನೀರು ಹಾಕಿ. ಗಾಳಿಯ ತೇವ ತಣ್ಣಗಾಗಿ ಇಳಿದ ನೀರು ಅದು, ಉಪ್ಪಿರುವುದಿಲ್ಲ. ಸೂಪರ್ ಮಾರ್ಕೆಟ್ ಕಡೆ ನಡೆದು ಹೋದರೆ ಅಂಗಡಿಗಳ ಎಸಿ ಪೈಪಿನಿಂದ ನೀರು ರಸ್ತೆಗೆ ತೊಟ್ಟಿಕ್ಕುತ್ತಿರುತ್ತದೆ. ಬಾಗಿಲಲ್ಲಿ ಪಾಮ್ ಇಟ್ಟಿರುವ ಅಂಗಡಿಯವರು ಅದರ ಕೆಳಗೆ ಒಂದು ಬಕೆಟ್ ಇಡಲಿ.

— ಒಬ್ಬ ನಿವೃತ್ತ ಅಟೆಂಡರ್, ಬ್ರಹ್ಮಪುರ, ಕಲಬುರಗಿ